ಹಳೆ ದೋಣಿ ತಗೊಂಡು ರಿಪೇರಿ ನಾವೇ ಮಾಡೋದಾದರೆ: ಮರದ್ದಾ, ಫೈಬರಾ?

"ಅಳಿವೆ ಹತ್ತಿರ ಮನೆ ಇದೆ. ಒಂದು ಸೆಕೆಂಡ್ ಹ್ಯಾಂಡ್ ದೋಣಿ ತಗೊಳ್ಳೋಣ ಅಂತಿದ್ದೇವೆ. ರಿಪೇರಿ ನಾವೇ ಮಾಡ್ಕೊಳ್ತೇವೆ. ಮರದ್ದು ತಗೊಳ್ಳೋದಾ, ಫೈಬರಾ? ಎಂಜಿನ್ ಯಾವುದು ಹಾಕೋದು?"

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರಲ್ಲಿ ಗಂಗೊಳ್ಳಿ, ಹೊನ್ನಾವರ ಕಡೆಯವರು ಇದ್ದಾರೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ವಾಪಸ್ ಬಂದವರೂ ಇದ್ದಾರೆ. ನನ್ನ ಮನೆ ಪಂಚಗಂಗಾವಳಿ ಹೊಳೆಯ ದಡದಲ್ಲಿ. ಚಿಕ್ಕವನಿದ್ದಾಗಿನಿಂದ ಮಾವನ ಮರದ ಪಾತಿ ದೋಣಿಗೆ ಎಣ್ಣೆ ಹಚ್ಚಿ ಬೆಳೆದವನು. ಈಗ ನನ್ನದೇ ಒಂದು 22 ಅಡಿಯ ಹಳೆ ಫೈಬರ್ ದೋಣಿ ಇದೆ. ಎರಡರ ಕಷ್ಟವನ್ನೂ ಕೈಯಾರೆ ಅನುಭವಿಸಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲಿಗೇ ಒಂದು ಮಾತು. ಹಳೆ ದೋಣಿ ರಿಪೇರಿಯಲ್ಲಿ ಮನುಷ್ಯನನ್ನು ಸೋಲಿಸುವುದು ಮೈಕೈ ನೋವಲ್ಲ. ಒಂದು ಕಡೆ ಬಿಚ್ಚಿದರೆ ಇನ್ನು ಮೂರು ಕಡೆ ಹಾಳಾಗಿರುವುದು ಗೊತ್ತಾಗುತ್ತದಲ್ಲ, ಅದು. ಒಂದು ಬೋಲ್ಟ್ ಬಿಚ್ಚಲು ಹೋಗುತ್ತೀರಿ, ಅದು ತುಂಡಾಗುತ್ತದೆ. ತುಂಡನ್ನು ತೆಗೆಯಲು ಡ್ರಿಲ್ ಹಾಕುತ್ತೀರಿ, ಒಳಗಿನ ಮರ ಒದ್ದೆ ಅವಲಕ್ಕಿಯ ಹಾಗೆ ಹೊರಗೆ ಬರುತ್ತದೆ. ಬೆಳಿಗ್ಗೆ ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದು ಸಂಜೆಗೆ ಎರಡು ತಿಂಗಳ ಕೆಲಸ ಆಗಿರುತ್ತದೆ. ಆದ್ದರಿಂದ ನಾನು ದೋಣಿಗಳನ್ನು ಹೋಲಿಸುವಾಗ ಬೆಲೆಯನ್ನು ಕೊನೆಗೆ ಇಡುತ್ತೇನೆ. ಅದರ ಕಾಯಿಲೆ ಹೊರಗಿನಿಂದಲೇ ಕಾಣುತ್ತದಾ ಅನ್ನುವುದನ್ನು ಮೊದಲು ನೋಡುತ್ತೇನೆ.

ಯಾವುದರ ಮೇಲೆ ಅಳೆಯುವುದು

ದೋಷ ಕಣ್ಣಿಗೆ ಕಾಣುವುದು ಮೊದಲನೆಯದು. ಎರಡನೆಯದು, ನಡೆದು ಹೋಗುವ ದೂರದಲ್ಲಿ ಆ ಕೆಲಸ ಬಲ್ಲವರು ಇದ್ದಾರಾ, ಸಾಮಾನು ನಿಮ್ಮ ಪೇಟೆಯಲ್ಲೇ ಸಿಗುತ್ತದಾ ಅನ್ನುವುದು. ನಾವೇ ಮಾಡ್ತೇವೆ ಅಂತ ಎಷ್ಟು ಹೇಳಿದರೂ, ಕೇಳಲು ಒಬ್ಬರು ಬೇಕೇ ಬೇಕು.

ಮೂರನೆಯದು ಜಾಗ ಮತ್ತು ಒಣ ದಿನ. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಅಕ್ಟೋಬರಿನಲ್ಲೂ ಸಂಜೆ ಗುಡುಗಿನ ಮಳೆ ಬರುತ್ತದೆ. ಮೇ ತಿಂಗಳ ಕೊನೆಯಲ್ಲಿ ಗಾಳಿಯಲ್ಲೇ ನೀರಿರುತ್ತದೆ. ಧೈರ್ಯವಾಗಿ ಅಂಟಿಸುವ, ಬಳಿಯುವ ಕೆಲಸ ಮಾಡಲು ಸಿಗುವುದು ಡಿಸೆಂಬರ್‌ನಿಂದ ಏಪ್ರಿಲ್ ತನಕ. ನೀವು ಭಾನುವಾರ ಮಾತ್ರ ಕೆಲಸ ಮಾಡುವವರಾದರೆ ಅದು ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೆರಡು ದಿನ. ಅದರಲ್ಲಿ ಮದುವೆ, ಜಾತ್ರೆ, ಕೋಲ ಅಂತ ಐದಾರು ಹೋಗುತ್ತವೆ.

ನಾಲ್ಕನೆಯದು, ದೋಣಿ ಎಲ್ಲಿ ಓಡಬೇಕು ಅನ್ನುವುದು. ಹೊಳೆಯ ಒಳಗೆ ಮಾತ್ರವಾ, ಅಳಿವೆ ದಾಟಿ ಕಡಲಿಗಾ? ಹೊಳೆಯಲ್ಲಿ ಸೋರಿದರೆ ದಡಕ್ಕೆ ಹುಟ್ಟು ಹಾಕಬಹುದು. ಅಳಿವೆ ಬಾಯಿಯಲ್ಲಿ ಎಂಜಿನ್ ನಿಂತರೆ ಜೀವಕ್ಕೇ ಅಪಾಯ.

ದುಡ್ಡಿನ ವಿಷಯದಲ್ಲಿ ನನ್ನ ಲೆಕ್ಕ ಸುಲಭ. ಕೈಯಲ್ಲಿ ಇರುವುದರ ಅರ್ಧಕ್ಕೆ ದೋಣಿ ನೋಡಿ. ಇನ್ನರ್ಧ ರಿಪೇರಿಗೆ. ನನ್ನ ಫೈಬರ್ ದೋಣಿಯಲ್ಲಿ ಖರೀದಿಗೆ ಕೊಟ್ಟಷ್ಟೇ ಮೊದಲ ವರ್ಷದ ರಿಪೇರಿಗೂ ಹೋಯಿತು. ಅದೂ ಕೂಲಿ ಲೆಕ್ಕ ಬಿಟ್ಟು.

ಮರದ ದೋಣಿ

ಮರದ ದೋಣಿಯ ದೊಡ್ಡ ಗುಣ ಅಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ. ಒಂದು ದಬ್ಬಣ ತಗೊಂಡು ಹಲಗೆಗೆ ಒತ್ತುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಮೊನೆ ನಿಲ್ಲುತ್ತದೆ, ಕೊಳೆತಲ್ಲಿ ಇಳಿಯುತ್ತದೆ. ಅಡಿಯ ದಿಮ್ಮಿ, ಹಲಗೆ ಸೇರುವ ಸಂದಿ, ಮೊಳೆಗಳ ಸುತ್ತ, ಒಳಗೆ ಮಳೆನೀರು ನಿಲ್ಲುವ ಮೂಲೆ, ಇಷ್ಟು ನೋಡಿದರೆ ಮುಕ್ಕಾಲು ಪಾಲು ಗೊತ್ತಾಯಿತು. ಕತ್ತದ ಹಗ್ಗದಲ್ಲಿ ಹೊಲಿದ ಹಳೆ ಕಾಲದ ದೋಣಿಯಾದರೆ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ. ಪುಡಿ ಉದುರಿದರೆ ಪೂರ್ತಿ ಹೊಸದಾಗಿ ಹೊಲಿಯಬೇಕು.

ಒಂದೇ ಒಂದು ಕಳ್ಳ ಇದೆ, ಹಡಗು ಹುಳ. ಉಪ್ಪುನೀರಿನಲ್ಲಿ ಬಿಟ್ಟ ಮರವನ್ನು ಅದು ಒಳಗಿನಿಂದ ತಿನ್ನುತ್ತದೆ. ಹೊರಗೆ ಕಾಣುವುದು ಗುಂಡುಸೂಜಿ ತಲೆಯಷ್ಟು ತೂತು. ಒಳಗೆ ಬೆರಳು ಹೋಗುವಷ್ಟು ಸುರಂಗ. ಇಂಥ ತೂತು ಎರಡು ಮೂರು ಕಂಡರೂ ಆ ಹಲಗೆ ಬದಲಿಸಬೇಕು ಅಂತಲೇ ಲೆಕ್ಕ ಹಾಕಿ. ದಡಕ್ಕೆ ಎಳೆದು ಚೆನ್ನಾಗಿ ಒಣಗಿಸಿದರೆ ಹುಳ ಸಾಯುತ್ತದೆ, ಆದರೆ ತಿಂದ ಮರ ವಾಪಸ್ ಬರುವುದಿಲ್ಲ.

ಆರೈಕೆಯ ಸಾಮಾನು ಎಲ್ಲ ಇಲ್ಲೇ ಸಿಗುತ್ತದೆ. ಹತ್ತಿ, ತಾಮ್ರದ ಮೊಳೆ, ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ. ಗೇರು ಎಣ್ಣೆ ಹಚ್ಚುವಾಗ ದಪ್ಪ ಗ್ಲೌಸ್ ಹಾಕಲೇಬೇಕು. ಮೈಗೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಮಾವನ ಮೊಣಕೈಯಲ್ಲಿ ಆ ಕಲೆ ಕೊನೆ ತನಕ ಇತ್ತು.

ಹೊಸಬರು ಮಾಡುವ ತಪ್ಪು ಇಲ್ಲಿದೆ. ಬೇಸಿಗೆಯಲ್ಲಿ ದಡದ ಮೇಲೆ ಒಣಗಿದ ಮರದ ದೋಣಿಯಲ್ಲಿ ಸಂದಿಗಳು ಬಾಯಿ ಬಿಟ್ಟಿರುತ್ತವೆ. ಅದನ್ನು ನೋಡಿ ಹೆದರಿ ಗಟ್ಟಿಯಾಗುವ ಪುಟ್ಟಿ ತುಂಬುತ್ತಾರೆ. ನೀರಿಗೆ ಇಳಿಸಿದ ಮೇಲೆ ಹಲಗೆ ಉಬ್ಬುತ್ತದೆ. ಪುಟ್ಟಿಗೆ ಜಾಗ ಇರುವುದಿಲ್ಲ. ಹಲಗೆಯ ಅಂಚು ಜಜ್ಜಿಹೋಗುತ್ತದೆ, ಕೆಲವು ಸಲ ಮೊಳೆಯೇ ಕಿತ್ತು ಬರುತ್ತದೆ. ನಾನು ಹದಿನೇಳನೇ ವಯಸ್ಸಿನಲ್ಲಿ ಈ ತಪ್ಪು ಮಾಡಲು ಹೊರಟಿದ್ದೆ. ದೋಣಿ ಕಟ್ಟುತ್ತಿದ್ದ ಆಚಾರಿಯೊಬ್ಬರು ತಡೆದರು. "ಹೆದ್ರಬೇಡಿ ಮರಾಯ್ರೆ, ಅದು ನೀರ್ ಕುಡೀಲಿ" ಅಂದರು. ಸಂದಿಗೆ ಹತ್ತಿಯನ್ನು ಹದವಾಗಿ ಕೂರಿಸಿ, ತೆಳು ನೀರಿನಲ್ಲಿ ದೋಣಿಯನ್ನು ಎರಡು ಮೂರು ದಿನ ಮುಳುಗಿಸಿಟ್ಟರು. ಎತ್ತಿ ನೀರು ಚೆಲ್ಲಿದ ಮೇಲೆ ಒಂದು ಹನಿ ಒಳಗೆ ಬರಲಿಲ್ಲ.

ಹಾಗಾದರೆ ಎಲ್ಲರೂ ಮರದ್ದೇ ತಗೊಳ್ಳಬಹುದಲ್ವಾ? ಇಲ್ಲ. ಹಲಗೆ ಬದಲಿಸುವುದು ಮನೆಯಲ್ಲಿ ಕಲಿಯುವ ಕೆಲಸ ಅಲ್ಲ. ದೋಣಿಯ ಬಾಗಿಗೆ ತಕ್ಕ ಹಾಗೆ ಹಲಗೆಯನ್ನು ಬಗ್ಗಿಸಬೇಕು. ಅದಕ್ಕೆ ಕೈಪಳಗಿದ ಆಚಾರಿ ಬೇಕು. ಅಂಥವರಿಗೆ ವಯಸ್ಸಾಗಿದೆ, ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಹೆಬ್ಬಲಸಿನಂಥ ಒಳ್ಳೆಯ ದೋಣಿ ಮರವೂ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಅಗ್ಗ ಅಲ್ಲ. ಇನ್ನೊಂದು, ಮರದ ದೋಣಿಗೆ ರಜೆ ಇಲ್ಲ. ವರ್ಷಕ್ಕೆ ಎರಡು ಸಲವಾದರೂ ಎಣ್ಣೆ ಬೇಕು. ನೆರಳು ಬೇಕು. ದುಬೈಯಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರು ಮರದ ದೋಣಿ ಇಟ್ಟುಕೊಳ್ಳುವುದು ಬೇಡ. ಅದು ಒಣಗಿ ಸೀಳುತ್ತದೆ, ನೋಡಲು ಸಂಕಟ ಆಗುತ್ತದೆ.

ಮರದ ಮೇಲೆ ಫೈಬರ್ ಹೊದಿಸಿದ್ದು

ಇದು ಅಗ್ಗಕ್ಕೆ ಸಿಗುತ್ತದೆ. ನೋಡಲು ಹೊಸದರ ಹಾಗಿರುತ್ತದೆ. ನನ್ನ ಸಲಹೆ, ಹತ್ತಿರ ಹೋಗಬೇಡಿ.

ಕಾರಣ ಇಷ್ಟೇ. ಸೋರುವ ಹಳೆ ಮರದ ದೋಣಿಗೆ ಮೇಲಿಂದ ಒಂದೆರಡು ಪದರ ಗ್ಲಾಸ್ ಮ್ಯಾಟ್ (ಗಾಜಿನ ಎಳೆಗಳ ಹಾಳೆ) ಬಳಿದು ಮಾರುತ್ತಾರೆ. ಅದನ್ನು ಅಂಟಿಸಲು ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಹಳೆ ಮರಕ್ಕೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಎಣ್ಣೆ ಕುಡಿದ ಮರಕ್ಕಂತೂ ಹಿಡಿಯುವುದೇ ಇಲ್ಲ. ಮರ ಉಬ್ಬುತ್ತದೆ, ಕುಗ್ಗುತ್ತದೆ. ಮೇಲಿನ ಫೈಬರ್ ಹಾಗೆ ಉಬ್ಬಿ ಕುಗ್ಗುವುದಿಲ್ಲ. ಎರಡರ ನಡುವೆ ನೀರು ಸೇರುತ್ತದೆ. ಹೊರಗೆ ಹೋಗಲು ದಾರಿ ಇಲ್ಲ. ಮರ ಕತ್ತಲಲ್ಲಿ ಕೊಳೆಯುತ್ತದೆ. ನಿಮ್ಮ ದಬ್ಬಣ ಫೈಬರಿಗೆ ತಾಗಿ ನಿಲ್ಲುತ್ತದೆ, ಒಳಗಿನ ಸುದ್ದಿ ಗೊತ್ತೇ ಆಗುವುದಿಲ್ಲ. ಮರದ ತೊಂದರೆಯೂ ಇದೆ, ಫೈಬರಿನ ತೊಂದರೆಯೂ ಇದೆ, ಎರಡರ ಅನುಕೂಲ ಒಂದೂ ಇಲ್ಲ.

ಮೊದಲ ದಿನದಿಂದಲೇ ಮರೈನ್ ಪ್ಲೈವುಡ್‌ನಲ್ಲಿ ಕಟ್ಟಿ, ಒಣಗಿದ ಪ್ಲೈ ಮೇಲೆ ಫೈಬರ್ ಹೊದಿಸಿದ ದೋಣಿ ಬೇರೆ ಜಾತಿ. ಅದು ಸರಿಯಾಗಿ ಕಟ್ಟಿದ್ದರೆ ಚೆನ್ನಾಗಿಯೇ ಬಾಳುತ್ತದೆ. ಯಾವುದು ಅಂತ ತಿಳಿಯಲು ಒಳಗಡೆ ನೋಡಿ. ಸಂದಿ, ಹತ್ತಿ, ಮೊಳೆ ಸಾಲು ಕಂಡರೆ ಹಳೆ ದೋಣಿಗೆ ಅಂಗಿ ತೊಡಿಸಿದ್ದಾರೆ ಅಂತ ಅರ್ಥ.

ಫೈಬರ್ ದೋಣಿ

ಮನೆಯಲ್ಲಿ ರಿಪೇರಿ ಕಲಿಯುವವರಿಗೆ ನಾನು ಹೇಳುವುದು ಇದನ್ನೇ. ಆದರೆ ಸರಿಯಾಗಿ ನೋಡಿ ತಗೊಳ್ಳಬೇಕು. ನಾನು ನೋಡದೆ ತಗೊಂಡೆ.

ಮೇ ಎರಡನೇ ವಾರ. ಹೊಸ ನೀಲಿ ಬಣ್ಣ ಬಳಿದಿದ್ದರು. ಬೆಲೆ ಕಡಿಮೆ. ಮೇಯಲ್ಲಿ ಕೊಡುವವರು ಜಾಸ್ತಿ, ಯಾಕೆಂದರೆ ಮಳೆಗಾಲಕ್ಕೆ ದೋಣಿ ಇಡುವ ಜಾಗ, ಹೊದಿಕೆ, ಕಾವಲು ಎಲ್ಲ ತಾಪತ್ರಯ. ಅವಸರದಲ್ಲಿ ದುಡ್ಡು ಕೊಟ್ಟೆ. ಎರಡನೇ ಭಾನುವಾರ ಹಿಂಬದಿಯ ಹಲಗೆಯ ಬೋಲ್ಟ್ ಬಿಚ್ಚಿದಾಗ ಕಂದು ನೀರು ಸುರಿಯಿತು. ಎಂಜಿನ್ ಕೂರುವ ಆ ಹಲಗೆಯ ಒಳಗಿನ ಪ್ಲೈ ಪೂರ್ತಿ ಕೊಳೆತಿತ್ತು. ಬಣ್ಣ ಬಳಿದಿದ್ದು ಅದಕ್ಕೇ.

ಹಳೆ ಫೈಬರ್ ದೋಣಿ ಹಾಳಾಗುವುದು ಬಹುತೇಕ ಫೈಬರಿನಿಂದಲ್ಲ, ಅದರೊಳಗೆ ಅಡಗಿರುವ ಮರದಿಂದ. ಹಿಂಬದಿ ಹಲಗೆ, ನೆಲದ ಕೆಳಗಿನ ಅಡ್ಡಪಟ್ಟಿಗಳು, ನೆಲದ ಪ್ಲೈ. ಯಾರೋ ಒಂದು ಸ್ಕ್ರೂ ಹಾಕುತ್ತಾರೆ, ತೂತನ್ನು ಸೀಲ್ ಮಾಡುವುದಿಲ್ಲ. ಅಲ್ಲಿಂದ ನೀರು ಇಳಿಯಲು ಶುರು.

ಆದ್ದರಿಂದ ನೋಡಲು ಹೋದಾಗ ಹೀಗೆ ಮಾಡಿ. ಎಂಜಿನ್ ಇದ್ದರೆ ಅದನ್ನು ಅರ್ಧ ಮೇಲೆತ್ತಿ, ಅದರ ಕಾಲು (ನೀರಿಗೆ ಇಳಿಯುವ ಕೆಳಭಾಗ) ಹಿಡಿದು ಕೆಳಕ್ಕೆ ಒತ್ತಿ. ಹಿಂಬದಿ ಹಲಗೆ ಅಲುಗಿದರೆ, ಅಥವಾ ಅದು ದೋಣಿಯ ಮೈಗೆ ಸೇರುವಲ್ಲಿ ಕೂದಲೆಳೆ ಬಿರುಕು ತೆರೆದುಕೊಂಡರೆ ಒಳಗೆ ಕೊಳೆತಿದೆ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಇಡೀ ಮೈಯನ್ನು ತಟ್ಟುತ್ತಾ ಹೋಗಿ. ಹಲಸಿನ ಹಣ್ಣು ತಟ್ಟಿ ನೋಡುತ್ತೇವಲ್ಲ, ಹಾಗೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ. ಪದರ ಬಿಟ್ಟಲ್ಲಿ ಮಂದ ಸದ್ದು. ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ನೆಲದ ಮೇಲೆ ಹಿಮ್ಮಡಿ ಊರಿ ನಡೆಯಿರಿ, ಎಲ್ಲಿ ಮೆತ್ತಗಿದೆ ಗೊತ್ತಾಗುತ್ತದೆ. ಕೊನೆಗೆ ನಾಲ್ಕು ಜನ ಸೇರಿ ಒಂದು ತುದಿ ಎತ್ತಿ ನೋಡಿ. ಅದೇ ಅಳತೆಯ ಬೇರೆ ದೋಣಿಗಿಂತ ತುಂಬಾ ಭಾರ ಅನಿಸಿದರೆ ನೆಲದಡಿಯ ಥರ್ಮೋಕೋಲ್, ಫೋಮ್ ನೀರು ಕುಡಿದಿದೆ.

ಹೊರಮೈಯಲ್ಲಿ ಸಣ್ಣ ಗುಳ್ಳೆ, ಗೀರು, ಜಜ್ಜಿದ ಮೂತಿ ಇದ್ದರೆ ಹೆದರಬೇಡಿ. ಅವನ್ನು ತೋರಿಸಿ ಬೆಲೆ ಇಳಿಸಿ. ಅವೆಲ್ಲ ನೀವು ಮಾಡಬಹುದಾದ ಕೆಲಸ.

ಆ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ನಿಮ್ಮಿಂದ ಆಗುತ್ತದಾ ಅಂತ ತೀರ್ಮಾನಿಸಲು ಅದು ಗೊತ್ತಿರಬೇಕು. ಮೊದಲು ಹಾಳಾದ ಜಾಗವನ್ನು ಅಸಿಟೋನ್‌ನಲ್ಲಿ ಒರೆಸಬೇಕು. ಆಮೇಲೆ ಗ್ರೈಂಡರ್ ಹಿಡಿದು ಗಟ್ಟಿ ಫೈಬರ್ ಸಿಗುವ ತನಕ ಕೆರೆಯಬೇಕು. ತೂತಿನ ಸುತ್ತ ಇಳಿಜಾರು ಮಾಡಬೇಕು. ಫೈಬರಿನ ದಪ್ಪ 5 ಮಿಲಿಮೀಟರ್ ಇದ್ದರೆ ಇಳಿಜಾರು ಅದರ 12 ಪಟ್ಟು, ಅಂದರೆ 6 ಸೆಂಟಿಮೀಟರ್ ಅಗಲ. ಈ ಇಳಿಜಾರು ಬಿಟ್ಟು ಸುಮ್ನೆ ಮೇಲೆ ತೇಪೆ ಹಾಕಿದರೆ ಅದು ಒಂದು ದಿನ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಗ್ಲಾಸ್ ಪುಡಿ ಮೈಯೆಲ್ಲ ತುರಿಸುತ್ತದೆ, ಮಾಸ್ಕ್ ಮತ್ತು ಕನ್ನಡಕ ಇಲ್ಲದೆ ಮುಟ್ಟಬಾರದು. ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲಿ ಮೀಯಿರಿ. ಬಿಸಿನೀರು ಹಾಕಿದರೆ ತುರಿಕೆ ಜಾಸ್ತಿ.

450 ಗ್ರಾಂ ಮ್ಯಾಟ್ (ಚದರ ಮೀಟರಿಗೆ ಅಷ್ಟು ತೂಗುವುದು) ಅಂತ ಕೇಳಿ ತನ್ನಿ. ಅದರ ಒಂದು ಪದರಕ್ಕೆ ಸುಮಾರು 1 ಮಿಲಿಮೀಟರ್ ದಪ್ಪ ಬರುತ್ತದೆ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಬೇಕು. ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ 1ರಿಂದ 2%. ನಮ್ಮ ಬಿಸಿಲಿನಲ್ಲಿ ಜಾಸ್ತಿ ಹಾಕಿದರೆ ಡಬ್ಬಿಯಲ್ಲೇ ಹೊಗೆ ಬಂದು ಕಲ್ಲಾಗುತ್ತದೆ. ಒಂದು ಸಲಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಕಲಸಬೇಡಿ.

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಕೆಲವು ಅಂಗಡಿಗಳಲ್ಲಿ ರೆಸಿನ್, ಕೋಬಾಲ್ಟ್ (ಬೇಗ ಗಟ್ಟಿಯಾಗಲು ಹಾಕುವ ದ್ರವ), ಹಾರ್ಡ್‌ನರ್ ಮೂರನ್ನೂ ಬೇರೆ ಬೇರೆ ಕೊಡುತ್ತಾರೆ. ಕೋಬಾಲ್ಟ್ ಮತ್ತು ಹಾರ್ಡ್‌ನರ್ ಎರಡನ್ನೇ ಯಾವತ್ತೂ ಸೇರಿಸಬಾರದು. ಸಿಡಿದು ಬೆಂಕಿ ಹಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ. ಆಮೇಲೆ ಹಾರ್ಡ್‌ನರ್. ಎರಡಕ್ಕೂ ಒಂದೇ ಅಳತೆ ಮುಚ್ಚಳ, ಒಂದೇ ಕಡ್ಡಿ ಬಳಸಬೇಡಿ. ಹಾರ್ಡ್‌ನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡೇ ಶುರು ಮಾಡಿ. ಮಕ್ಕಳು ಓಡಾಡುವ ಅಂಗಳದಲ್ಲಿ ಈ ಡಬ್ಬಿಗಳು ಇರಬಾರದು.

ನಾನು ಮೊದಲ ತೇಪೆ ಹಾಕಿದ್ದು ಮೇ ಕೊನೆಯ ಭಾನುವಾರ. ಮೋಡ ಕವಿದಿತ್ತು, ನಾಳೆಗೆ ಬಿಡಲು ಮನಸ್ಸು ಬರಲಿಲ್ಲ. ಎರಡು ದಿನ ಆದರೂ ಅಂಟಂಟು ಹೋಗಲಿಲ್ಲ. ಗಾಳಿ ತಾಗುವ ಮೇಲ್ಮೈ ಅಂಟಂಟಾಗಿ ಉಳಿಯುವುದು ಪಾಲಿಯೆಸ್ಟರ್ ರೆಸಿನ್‌ನ ಸ್ವಭಾವ, ಕೊನೆಯ ಪದರಕ್ಕೆ ಮೇಣ ಬೆರೆಸಿದ ರೆಸಿನ್ ಹಾಕಬೇಕು ಅಂತ ಆಗ ಗೊತ್ತಿರಲಿಲ್ಲ. ಅದರ ಮೇಲೆ ಒಳಗಿನ ಫೈಬರ್ ಒದ್ದೆಯೂ ಇತ್ತು. ಜೂನ್‌ನಲ್ಲಿ ಆ ತೇಪೆ ಕೈಯಲ್ಲಿ ಎಳೆದರೆ ಬಂತು. ನಾಲ್ಕು ಭಾನುವಾರ, ಮೂರು ಕಿಲೋ ರೆಸಿನ್ ವ್ಯರ್ಥ. ಅವತ್ತು ಆದ ಬೇಜಾರು ಈಗಲೂ ನೆನಪಿದೆ. ಈಗ ಯಾವುದನ್ನೇ ಅಂಟಿಸುವ ಮೊದಲು ರಾತ್ರಿ ಆ ಜಾಗಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚುತ್ತೇನೆ. ಬೆಳಿಗ್ಗೆ ಒಳಗೆ ಬೆವರಿದ್ದರೆ ಕೆಲಸ ಮುಂದಕ್ಕೆ.

ಹಿಂಬದಿ ಹಲಗೆ ಬದಲಿಸುವುದೂ ಮನೆಯಲ್ಲಿ ಆಗುವ ಕೆಲಸವೇ, ನಿಧಾನ ಅಷ್ಟೇ. ಒಳಗಿನ ಫೈಬರ್ ಚರ್ಮ ಕತ್ತರಿಸಿ ಕೊಳೆತ ಪ್ಲೈ ಕೆರೆದು ತೆಗೆಯಬೇಕು. ಒಣಗಲು ವಾರಗಟ್ಟಲೆ ಬಿಡಬೇಕು. ಐಎಸ್ 710 ಅಂತ ಮುದ್ರೆ ಇರುವ ಮರೈನ್ ಪ್ಲೈ ಎರಡು ಪದರ ಅಂಟಿಸಿ, ಮೇಲೆ ಫೈಬರ್ ಹೊದಿಸಬೇಕು. ಇಲ್ಲಿ ಎಪಾಕ್ಸಿಗೆ (ಇನ್ನೊಂದು ಬಗೆಯ ರೆಸಿನ್) ದುಡ್ಡು ಹಾಕಿ, ಅದು ಮರಕ್ಕೂ ಫೈಬರಿಗೂ ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಎಪಾಕ್ಸಿ ಮೇಲೆ ಮತ್ತೆ ಪಾಲಿಯೆಸ್ಟರ್ ಹಾಕಬೇಡಿ, ಅದು ಸರಿಯಾಗಿ ಕೂರುವುದಿಲ್ಲ. ಬೋಲ್ಟುಗಳು 316 ದರ್ಜೆಯ ಸ್ಟೀಲ್ ಆಗಿರಲಿ. ಪಾತ್ರೆ ಅಂಗಡಿಯಂಥ ಮಾಮೂಲಿ ಸ್ಟೀಲ್ ಉಪ್ಪುನೀರಿನಲ್ಲಿ ಕಂದುಗಟ್ಟುತ್ತದೆ. ನನಗೆ ಈ ಒಂದು ಹಲಗೆಗೆ ಡಿಸೆಂಬರ್‌ನಿಂದ ಫೆಬ್ರವರಿ ತನಕ ಹಿಡಿಯಿತು.

ಅಲ್ಯೂಮಿನಿಯಂ ದೋಣಿ ಬಗ್ಗೆಯೂ ಕೆಲವರು ಕೇಳುತ್ತಾರೆ. ಸಿಹಿನೀರಿನ ಕೆರೆ, ಹಿನ್ನೀರಿನಲ್ಲಿ ಒಳ್ಳೆಯದು. ಹಗುರ, ಕೊಳೆಯುವುದಿಲ್ಲ. ಕಡಲ ನೀರಿನಲ್ಲಿ ತಾಮ್ರ, ಹಿತ್ತಾಳೆ, ಸ್ಟೀಲ್ ತಾಗಿದಲ್ಲೆಲ್ಲ ಅದು ಸವೆಯುತ್ತದೆ. ಬಿರುಕು ಬಿಟ್ಟರೆ ಆರ್ಗಾನ್ ವೆಲ್ಡಿಂಗ್ ಬೇಕು, ಅದು ಮನೆಯಲ್ಲಿ ಆಗುವುದಿಲ್ಲ.

ಎಂಜಿನ್

ಮೀನುಗಾರಿಕೆ ನಿಮ್ಮ ಜೀವನೋಪಾಯವಾ, ಇಲ್ಲವಾ? ಎಂಜಿನ್ ಆಯ್ಕೆ ಈ ಒಂದು ಪ್ರಶ್ನೆಯಲ್ಲೇ ಅರ್ಧ ಮುಗಿಯುತ್ತದೆ.

ನಮ್ಮ ನಾಡದೋಣಿಗಳಲ್ಲಿ ಸೀಮೆಎಣ್ಣೆ ಔಟ್‌ಬೋರ್ಡ್ ಎಂಜಿನ್ (ಹಿಂಬದಿ ಹಲಗೆಗೆ ಹೊರಗಿನಿಂದ ಕೂರಿಸುವುದು) ಇಷ್ಟು ವರ್ಷ ಓಡಿದ್ದು ಸರ್ಕಾರದ ಸಬ್ಸಿಡಿ ಸೀಮೆಎಣ್ಣೆಯಿಂದ. ಅದು ಸಿಗುವುದು ನೋಂದಾಯಿತ ಮೀನುಗಾರರಿಗೆ. ಅವರಿಗೂ ಬೇಕಾದಾಗ ಬೇಕಾದಷ್ಟು ಸಿಗುತ್ತಿಲ್ಲ ಅನ್ನುವ ದೂರು ಹಳೆಯದು. ಮನೆಮಂದಿ ಸಂಜೆ ಹೊಳೆ ಸುತ್ತಲು ದೋಣಿ ಬೇಕು ಅನ್ನುವವರಿಗೆ ಆ ಎಂಜಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಪ್ರಯೋಜನ ಇಲ್ಲ. ಅದರ ಆರೈಕೆಯೂ ಕಿರಿಕಿರಿ. ಪೆಟ್ರೋಲಿನಲ್ಲಿ ಶುರು ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರಬೇಕು. ಮರೆತರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಹಗ್ಗ ಎಳೆದು ಎಳೆದು ಭುಜ ಸೋಲುತ್ತದೆ. ಪ್ಲಗ್ಗಿಗೆ ಮಸಿ ಬೇಗ ಕಟ್ಟುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಅಂತ ಎರಡಿವೆ. ನೀವೇ ರಿಪೇರಿ ಮಾಡುವವರಾದರೆ ಹಳೆ ಟೂ ಸ್ಟ್ರೋಕ್ ಸುಲಭ. ಹಗುರ, ಭಾಗಗಳು ಕಡಿಮೆ. ಪ್ಲಗ್, ಕಾರ್ಬ್ಯುರೇಟರ್, ಎಂಜಿನ್ ತಣ್ಣಗಿಡುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ತಿರುಗುವ ರೆಕ್ಕೆ), ಈ ಮೂರನ್ನು ಬಿಚ್ಚಿ ಹಾಕಲು ಕಲಿತರೆ ನಿತ್ಯದ ತೊಂದರೆಗಳಲ್ಲಿ ಹೆಚ್ಚಿನವು ಕೈಗೆ ಬಂದ ಹಾಗೆ. ಪೆಟ್ರೋಲಿಗೆ ಟೂ ಸ್ಟ್ರೋಕ್ ಎಣ್ಣೆ ಬೆರೆಸುವುದು ಮಾತ್ರ ತಪ್ಪಬಾರದು. 50ಕ್ಕೆ 1 ಅಂತಿದ್ದರೆ ಲೀಟರಿಗೆ 20 ಎಂಎಲ್. ಟೂ ಸ್ಟ್ರೋಕ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹೊಗೆಯೂ ಜಾಸ್ತಿ. ಫೋರ್ ಸ್ಟ್ರೋಕ್ ಶಾಂತ, ಪೆಟ್ರೋಲ್ ಉಳಿತಾಯ, ವಾರಕ್ಕೆ ನಾಲ್ಕು ದಿನ ಓಡಿಸುವವರಿಗೆ ಅದೇ ಲಾಭ. ಆದರೆ ಭಾರ. ಹಳೆ ದೋಣಿಯ ಹಿಂಬದಿ ಹಲಗೆಯ ಮೇಲೆ ಆ ಭಾರ ಬೀಳುತ್ತದೆ ಅನ್ನುವುದು ನೆನಪಿರಲಿ.

ಹಳೆ ಎಂಜಿನ್ ನೋಡುವಾಗ ಅದು ತಣ್ಣಗಿರುವಾಗಲೇ ಶುರು ಮಾಡಿಸಿ. ನೀವು ಬರುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಓಡುವಾಗ ಹಿಂದಿನ ಸಣ್ಣ ತೂತಿನಿಂದ ನೀರು ಒಂದೇ ಧಾರೆಯಾಗಿ ಬರಬೇಕು. ಬಾರದಿದ್ದರೆ ಇಂಪೆಲ್ಲರ್ ಹೋಗಿದೆ, ಇಲ್ಲವೇ ಒಳಗೆ ಉಪ್ಪು ಕಟ್ಟಿದೆ. ಇಂಪೆಲ್ಲರ್ ಅಗ್ಗ, ಉಪ್ಪು ಕಟ್ಟಿದ್ದು ದೊಡ್ಡ ಕೆಲಸ. ಕೆಳಗಿನ ಗೇರ್ ಎಣ್ಣೆಯ ಸ್ಕ್ರೂ ಬಿಚ್ಚಿ ನಾಲ್ಕು ಹನಿ ಬಿಳಿ ಕಾಗದದ ಮೇಲೆ ಬಿಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಸೀಲ್ ಹೋಗಿ ನೀರು ಸೇರಿದೆ. ಎರಡು ಸಿಲಿಂಡರ್ ಇದ್ದರೆ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಕಂಪ್ರೆಶನ್ (ಸಿಲಿಂಡರಿನ ಒಳಗಿನ ಒತ್ತಡ) ಅಳೆಸಿ. ಎರಡರ ನಡುವೆ ಹತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ.

ತಂದ ಮೇಲೆ ನಿಮ್ಮ ಕೆಲಸ ಇಷ್ಟು. ಪ್ರತಿ ಸಲ ಉಪ್ಪುನೀರಿನಿಂದ ಬಂದ ಕೂಡಲೇ ದೊಡ್ಡ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ ಹತ್ತು ನಿಮಿಷ ಓಡಿಸಿ. ಬೇಜಾರು ಅನಿಸಿದ ದಿನವೂ ಮಾಡಿ. ಕಾಲಿನ ಹತ್ತಿರ ಇರುವ ಸತುವಿನ ತುಂಡು ಅರ್ಧ ಸವೆದರೆ ಬದಲಿಸಿ, ಎಂಜಿನ್ನಿನ ಬದಲು ತಾನು ಸವೆಯಲಿ ಅಂತಲೇ ಅದನ್ನು ಇಟ್ಟಿರುವುದು. ಅದಕ್ಕೆ ಬಣ್ಣ ಬಳಿಯಬಾರದು. ಈಗ ಬಂಕಿನ ಪೆಟ್ರೋಲಿನಲ್ಲಿ 20% ತನಕ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲಕ್ಕೆ ಎಂಜಿನ್ ಇಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್ ಒಣಗುವ ತನಕ ಓಡಿಸಿ. ಹಳೆ ರಬ್ಬರ್ ಪೈಪುಗಳನ್ನು ಮೊದಲ ದಿನವೇ ಬದಲಿಸುವುದು ಒಳ್ಳೆಯದು.

ಒಂದು ಕಾನೂನಿನ ಮಾತು. ಕರ್ನಾಟಕದ ಕಡಲಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೂ 10 ಎಚ್‌ಪಿಗಿಂತ ಜಾಸ್ತಿ ಎಂಜಿನ್ ಇರುವ ದೋಣಿಗಳಿಗೂ ಮೀನು ಹಿಡಿಯಲು ನಿಷೇಧ ಇರುತ್ತದೆ. ಮಳೆಗಾಲದ ಮೀನುಗಾರಿಕೆ ನಿಮ್ಮ ಲೆಕ್ಕದಲ್ಲಿದ್ದರೆ ದೊಡ್ಡ ಎಂಜಿನ್ ತಗೊಂಡು ಸಿಕ್ಕಿಹಾಕಿಕೊಳ್ಳಬೇಡಿ.

ಯಾರಿಗೆ ಯಾವುದು

ಹೊಳೆಯಲ್ಲಿ ಮಾತ್ರ ಓಡಾಡುವವರು, ದಿನಾ ದಡಕ್ಕೆ ಹೋಗುವವರು, ಊರಲ್ಲಿ ಆಚಾರಿ ಇದ್ದಾರೆ, ಮನೆ ಹಿಂದೆ ತೆಂಗಿನ ನೆರಳಿದೆ, ಕೈಯಲ್ಲಿ ದುಡ್ಡು ಕಡಿಮೆ ಅಂತಾದರೆ ಸಣ್ಣ ಮರದ ದೋಣಿ ತಗೊಳ್ಳಿ. ಎಂಜಿನ್ನೇ ಬೇಡ, ಹುಟ್ಟು ಸಾಕು. ನಿಮಗೆ ಸಿಗುವಷ್ಟು ನೆಮ್ಮದಿ ಬೇರೆ ಯಾರಿಗೂ ಸಿಗಲಿಕ್ಕಿಲ್ಲ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಭಾನುವಾರದ ಕೆಲಸದವರಿಗೆ, ಮಳೆಗಾಲದಲ್ಲಿ ನಾಲ್ಕು ತಿಂಗಳು ಮುಟ್ಟದೆ ಇಡಬೇಕಾದವರಿಗೆ ಫೈಬರ್. 18ರಿಂದ 22 ಅಡಿ ಸಾಕು, ಅದಕ್ಕಿಂತ ದೊಡ್ಡದನ್ನು ಮಗುಚುವುದು ಇನ್ನೂ ಕಷ್ಟ, ತಳದ ಕೆಲಸಕ್ಕೆ ಪ್ರತಿ ಸಲ ಜಾಸ್ತಿ ಜನ ಕರೆಯಬೇಕು. ಹೊರಗೆ ಕುರೂಪವಾಗಿ ಕಂಡರೂ ಹಿಂಬದಿ ಹಲಗೆ ಗಟ್ಟಿ ಇರುವುದನ್ನು ಆರಿಸಿ. ಹೊಸ ಬಣ್ಣದ ವಾಸನೆ ಬಂದರೆ ಎರಡು ಪಟ್ಟು ಎಚ್ಚರ. ಎಂಜಿನ್‌ಗೆ ದುಡ್ಡು ಉಳಿಯಲಿಲ್ಲ ಅಂದರೆ ಈ ವರ್ಷ ದೋಣಿ ಮಾತ್ರ ಸರಿ ಮಾಡಿ, ಎಂಜಿನ್ ಮುಂದಿನ ವರ್ಷ. ಎರಡನ್ನೂ ಒಟ್ಟಿಗೆ ಕೆಟ್ಟ ಸ್ಥಿತಿಯಲ್ಲಿ ತಗೊಂಡವರು ಅರ್ಧಕ್ಕೆ ಬಿಟ್ಟು ಮಾರಿದ್ದನ್ನು ಮೂರು ಕಡೆ ನೋಡಿದ್ದೇನೆ.

ಅಳಿವೆ ದಾಟಿ ಕಡಲಿಗೆ ಹೋಗುವವರಿಗೆ ನನ್ನ ಉತ್ತರ ಬೇರೆ. ದೋಣಿಯ ಮೈ ನೀವೇ ಸರಿ ಮಾಡಿ. ಆದರೆ ಎಂಜಿನ್ನಿನ ಗೇರು, ಕ್ರ್ಯಾಂಕ್ ಮುಟ್ಟಬೇಡಿ, ಬಲ್ಲ ಮೆಕ್ಯಾನಿಕ್‌ಗೆ ಕೊಡಿ. ಹಿಂಬದಿ ಹಲಗೆಯನ್ನೂ ನೀವೇ ಮಾಡಿದ್ದರೆ ಒಂದು ಪೂರ್ತಿ ಋತು ಹೊಳೆಯಲ್ಲೇ ಓಡಿಸಿ ನೋಡಿ. ಲೈಫ್ ಜಾಕೆಟ್, ಎರಡು ಹುಟ್ಟು, ಲಂಗರು, ನೀರು ಚೆಲ್ಲುವ ಡಬ್ಬಿ ದೋಣಿಯಲ್ಲಿ ಯಾವಾಗಲೂ ಇರಲಿ.

ಕಾಗದಪತ್ರ ಎಲ್ಲರಿಗೂ ಒಂದೇ. ಮೀನು ಹಿಡಿಯುವ ದೋಣಿಯಾದರೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ, ನೋಂದಣಿ ರಿಯಲ್‌ಕ್ರಾಫ್ಟ್ ಆನ್‌ಲೈನ್ ವ್ಯವಸ್ಥೆಯಲ್ಲಿ ಇರುತ್ತದೆ. ದೋಣಿಯ ಮೇಲಿನ ನಂಬರ್, ಎಂಜಿನ್ನಿನ ಮೇಲೆ ಕೊರೆದ ನಂಬರ್, ಕಾಗದದಲ್ಲಿರುವ ನಂಬರ್ ಮೂರನ್ನೂ ಹೋಲಿಸಿ. ಹೆಸರು ಬದಲಾವಣೆಗೆ ಮಾರುವವರ ಸಹಿ ಪೂರ್ತಿ ದುಡ್ಡು ಕೊಡುವ ಮೊದಲೇ ಆಗಲಿ. ಮೀನಿಗಲ್ಲದೆ ಸುಮ್ನೆ ಓಡಾಡಲು ತಗೊಳ್ಳುವುದಾದರೆ ನಿಯಮ ಬೇರೆ, ಹತ್ತಿರದ ಬಂದರು ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯಿರಿ.

ಇಷ್ಟಾದ ಮೇಲೂ ಎರಡು ದೋಣಿಗಳ ನಡುವೆ ಮನಸ್ಸು ತೂಗುತ್ತಿದ್ದರೆ ಮಳೆ ಬಂದ ಮರುದಿನ ಬೆಳಿಗ್ಗೆ ಹೇಳದೆ ಹೋಗಿ ಎರಡನ್ನೂ ಇನ್ನೊಮ್ಮೆ ನೋಡಿ. ನೆಲದ ಹಲಗೆ ಎತ್ತಿಸಿ. ಎಲ್ಲಿ ನೀರು ನಿಂತಿದೆ, ಎಷ್ಟು ನಿಂತಿದೆ, ಎಲ್ಲಿಂದ ತೊಟ್ಟಿಕ್ಕುತ್ತಿದೆ ನೋಡಿ. ನೆಲ ಎತ್ತಲು ಬಿಡದಿದ್ದರೆ ಆ ದೋಣಿ ಬೇಡ.